ನೆನೆಯುವುದಂತೂ ಖಂಡಿತ, ಒಣಗುವುದು ಯಾವುದು? ಮಳೆಗಾಲದ ಸೈಕಲ್ ಸವಾರಿಗೆ ಒಂದು ಹೋಲಿಕೆ

ಆರಿದ್ರಾ ಮಳೆ ಹಿಡಿದ ಮೇಲೂ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವನನ್ನು ಶಿವಮೊಗ್ಗದ ಜನ ನೋಡುವ ನೋಟವೇ ಬೇರೆ. "ಎಂತ ಮಾರಾಯ್ರೆ, ಗಾಡಿ ಕೆಟ್ಟೋಯ್ತಾ?" ಅಂತ ಸಿಗ್ನಲ್ಲಿನಲ್ಲಿ ನಿಂತವರು ಕೇಳುತ್ತಾರೆ. ಗಾಡಿ ಕೆಟ್ಟಿಲ್ಲ. ವಿನೋಬನಗರದಿಂದ ತುಂಗಾ ಸೇತುವೆ ದಾಟಿ ವಿದ್ಯಾನಗರದ ಕಡೆಗೆ ಹೋಗಿ ಬರುವುದೆಂದರೆ ದಿನಕ್ಕೆ ಹತ್ತು-ಹನ್ನೆರಡು ಕಿಲೋಮೀಟರು. ಅಷ್ಟಕ್ಕೆ ಸೈಕಲ್ಲೇ ಸಾಕು ಅಂದುಕೊಂಡು ಎಂಟು ಮಳೆಗಾಲ ಕಳೆದಿದ್ದೇನೆ.

ಮೊದಲ ಎರಡು ವರ್ಷ ದುಡ್ಡು ಸುರಿದದ್ದು ನೆನೆಯದೆ ಇರುವುದು ಹೇಗೆ ಎಂಬ ಹುಡುಕಾಟಕ್ಕೆ. ಮೂರನೇ ವರ್ಷ ಬುದ್ಧಿ ಬಂತು. ಅರ್ಧ ಗಂಟೆ ಪೆಡಲ್ ತುಳಿದರೆ ಹೊರಗಿನಿಂದ ಮಳೆ, ಒಳಗಿನಿಂದ ಬೆವರು, ಹೇಗಿದ್ದರೂ ಮೈ ಒದ್ದೆ. ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸರಿಯಾಗಿ ಬಿಸಿಲು ಕಾಣದ ನಮ್ಮಲ್ಲಿ ಏನನ್ನು ಕೊಳ್ಳುವಾಗಲೂ ನಾನು ಈಗ ಕೇಳುವ ಪ್ರಶ್ನೆ ಒಂದೇ: ಇದು ನಾಳೆ ಬೆಳಿಗ್ಗೆ ಎಂಟು ಗಂಟೆಯೊಳಗೆ ಒಣಗುತ್ತದೆಯೇ? ಕೆಳಗಿನ ಹೋಲಿಕೆಯೆಲ್ಲ ಆ ಅಳತೆಗೋಲಿನದು.

ನಿಮ್ಮದು ಯಾವ ಮಳೆ?

ಮಲೆನಾಡಿನ ಮಳೆ ಅಂತ ಒಂದೇ ಹೆಸರಿನಲ್ಲಿ ಕರೆಯುವುದು ದೂರದಲ್ಲಿರುವವರು. ಶಿವಮೊಗ್ಗ ನಗರ ಅರೆಮಲೆನಾಡು. ಇಲ್ಲಿಂದ ಪಶ್ಚಿಮಕ್ಕೆ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ ಅಂತ ಹೋದಂತೆ ಮಳೆ ದಪ್ಪವಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರು ಮೀರಿ ಸುರಿಯುವ ಆಗುಂಬೆಯ ಕಾಲುಭಾಗವೂ ನಗರಕ್ಕೆ ಬರುವುದಿಲ್ಲ. ನಗರದಲ್ಲಿ ಜುಲೈನಲ್ಲೂ ನಡುನಡುವೆ ಮಳೆ ಬಿಟ್ಟು ಹೊಳವು ಕೊಡುತ್ತದೆ, ಇಪ್ಪತ್ತು ನಿಮಿಷ ಅಂಗಡಿ ಮುಂದೆ ಕಾದರೆ ದಾರಿ ಸಿಗುತ್ತದೆ. ಹೊಸನಗರದ ಕಡೆಯ ನಮ್ಮ ಅಕ್ಕನ ಮನೆಯಲ್ಲಿ ಕಾದರೆ ಮಾರನೇ ದಿನ ಬರುತ್ತದೆ, ಹೊಳವು ಬರುವುದಿಲ್ಲ. ನಗರದವರು ಕಳಚಿ ಮಡಚಿಡಲು ಸುಲಭವಾದದ್ದನ್ನು ನೋಡಬೇಕು. ಘಟ್ಟದ ಮಗ್ಗುಲಿನವರು ದಿನವಿಡೀ ಒದ್ದೆಯಾಗಿದ್ದರೂ ಮೈ ಬೆಚ್ಚಗಿಡುವುದನ್ನು ನೋಡಬೇಕು.

ಕಾಲವೂ ಮುಖ್ಯ. ಮೃಗಶಿರಾದಿಂದ ಆಶ್ಲೇಷಾದವರೆಗಿನದು ಗಾಳಿ ಜೊತೆಗಿನ ಜಡಿಮಳೆ, ಗುಡುಗು ಕಡಿಮೆ. ಏಪ್ರಿಲ್-ಮೇ ತಿಂಗಳಿನದೂ ಅಕ್ಟೋಬರಿನ ಚಿತ್ತಾ, ಸ್ವಾತಿಯದೂ ಸಂಜೆ ಹೊತ್ತಿನ ಗುಡುಗು ಸಿಡಿಲಿನ ಮಳೆ. ಆಗ ರೈನ್‌ಕೋಟು ಯಾವುದು ಎಂಬುದು ಮುಖ್ಯವೇ ಅಲ್ಲ. ಕಟ್ಟಡದ ಒಳಗೆ ಹೋಗಿ ನಿಲ್ಲಬೇಕು. ಮರದಡಿ ಬೇಡ.

ಮೈಮೇಲೆ ಏನು

ಅಂಗಡಿಯಲ್ಲಿ ಕೇಳಿದ ತಕ್ಷಣ ತೆಗೆದು ತೋರಿಸುವುದು ಪ್ಯಾಂಟು-ಜಾಕೆಟ್ಟಿನ ಜೋಡಿ. ಅದನ್ನು ಹೊಲಿದಿರುವುದು ಬೈಕಿನವರಿಗೆ. ಬೈಕಿನ ಮೇಲೆ ಕೂತವರ ಮೈ ಅಲ್ಲಾಡುವುದಿಲ್ಲ, ಬೆವರುವುದಿಲ್ಲ. ಸೈಕಲ್ಲಿನವರ ಮಂಡಿ ನಿಮಿಷಕ್ಕೆ ಐವತ್ತು-ಅರವತ್ತು ಸಲ ಮೇಲೆ ಕೆಳಗೆ ಆಗುತ್ತದೆ. ಮೊದಲು ಹರಿಯುವುದು ಪ್ಯಾಂಟಿನ ಕವಲು, ಆಮೇಲೆ ಮಂಡಿಯ ಹೊಲಿಗೆ. ನನ್ನ ಮೊದಲ ಜೋಡಿ ಪುಷ್ಯ ಮಳೆ ಮುಗಿಯುವ ಮೊದಲೇ ಎರಡು ಕಡೆ ಬಾಯಿ ಬಿಟ್ಟಿತ್ತು.

ಜೋಡಿಯಲ್ಲೇ ಎರಡು ಜಾತಿ. ಪ್ಲಾಸ್ಟಿಕ್ಕಿನದು, ಅಂದರೆ ಪಿವಿಸಿ, ಅಗ್ಗ. ಒಂದು ಹನಿ ಒಳಗೆ ಬಿಡುವುದಿಲ್ಲ, ಒಂದು ಹನಿ ಹೊರಗೂ ಬಿಡುವುದಿಲ್ಲ. ಆಫೀಸು ತಲುಪುವಾಗ ಒಳಗೆ ಹಬೆಯಲ್ಲಿ ಬೆಂದ ಕಡುಬಿನ ಹಾಗೆ ಆಗಿರುತ್ತೀರಿ. ಆದರೆ ಬಟ್ಟೆಯಲ್ಲಿ ಒರೆಸಿದರೆ ಎರಡು ನಿಮಿಷಕ್ಕೆ ಒಣಗಿತು, ಇದು ಅದರ ದೊಡ್ಡ ಗುಣ. ಇನ್ನೊಂದು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯ ಒಳಮೈಗೆ ತೆಳು ಲೇಪ ಹಚ್ಚಿದ್ದು. ಹಾಕಲು ಹಿತ, ನೋಡಲು ಚೆಂದ, ಬೆಲೆ ಎರಡು-ಮೂರು ಪಟ್ಟು. ಹೊರಗಿನ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ನಮ್ಮ ಹವೆಯಲ್ಲಿ ರಾತ್ರಿಯಿಡೀ ತೂಗುಹಾಕಿದರೂ ಅಂಚುಗಳು ತಣ್ಣಗೇ ಇರುತ್ತವೆ. ಒದ್ದೆಯಲ್ಲಿ ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ, ಒಂದೆರಡು ವರ್ಷಕ್ಕೆ ಒಳಗಿನ ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಕೊಳ್ಳುವುದೇ ಆದರೆ ಹೊಲಿಗೆಯ ಮೇಲೆ ಒಳಗಡೆ ಪಟ್ಟಿ ಅಂಟಿಸಿದೆಯೇ ನೋಡಿ. ಪಟ್ಟಿ ಇಲ್ಲದ ಕೋಟಿನಲ್ಲಿ ನೀರು ಬರುವುದು ಬಟ್ಟೆಯಿಂದಲ್ಲ, ಸೂಜಿ ಹೋದ ತೂತಿನಿಂದ.

ತಲೆಯ ಮುಸುಕಿನ ಬಗ್ಗೆ ಅಂಗಡಿಯವರು ಹೇಳದ ಒಂದು ವಿಷಯ. ನೀವು ಬಲಕ್ಕೆ ತಿರುಗಿದರೆ ಮುಸುಕು ತಿರುಗುವುದಿಲ್ಲ. ಹಿಂದೆ ಬರುವ ಬಸ್ಸು ನೋಡಲು ಕತ್ತು ತಿರುಗಿಸಿದಾಗ ಕಾಣುವುದು ಮುಸುಕಿನ ಒಳಮೈ. ನಾನು ಮುಸುಕನ್ನು ಹಿಂದಕ್ಕೆ ಬಿಟ್ಟು, ಹೆಲ್ಮೆಟ್ಟಿನ ಕೆಳಗೆ ಮುಂಚಾಚು ಇರುವ ತೆಳು ಟೋಪಿ ಹಾಕುತ್ತೇನೆ. ಕನ್ನಡಕದವರಿಗೆ ಈ ಮುಂಚಾಚು ನಲವತ್ತು ರೂಪಾಯಿಯ ವರದಾನ. ಹನಿ ಗಾಜಿಗೆ ನೇರ ಬೀಳುವುದಿಲ್ಲ.

ಪೋಂಚೋ ಅಥವಾ ಕೇಪು, ಅಂದರೆ ತಲೆ ತೂರಿಸಿಕೊಂಡು ಮೈಮೇಲೆ ಹರಡಿಕೊಳ್ಳುವ ಚೌಕದ ತುಂಡು, ನನಗೆ ಹೆಚ್ಚು ಇಷ್ಟ. ಕೆಳಗಿನಿಂದ ಗಾಳಿ ಆಡುವುದರಿಂದ ಬೆವರು ಕಡಿಮೆ. ಮುಂದಿನ ಅಂಚನ್ನು ಹ್ಯಾಂಡಲ್ಲಿನ ಮೇಲೆ ಹರಡಿ ಎರಡು ಹೆಬ್ಬೆರಳಿಗೆ ಸಿಕ್ಕಿಸಿಕೊಂಡರೆ ತೊಡೆಗೂ ಮಾಡು. ತಲುಪಿದ ಮೇಲೆ ನಾಲ್ಕು ಸಲ ಕೊಡವಿ ಮೊಳೆಗೆ ಸಿಕ್ಕಿಸಿದರೆ ಮುಗಿಯಿತು. ಸೀರೆ ಉಟ್ಟು ಸೈಕಲ್ ಹೊಡೆಯುವ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ, ಸೀರೆಯ ಮೇಲೆ ಮಳೆ ಪ್ಯಾಂಟು ಏರಿಸುವುದು ಹೇಗೆ ಅನ್ನುವುದು ಅವರ ಪ್ರಶ್ನೆ. ಹಿಂದಿನ ಅಂಚು ಮಾತ್ರ ಚಕ್ರಕ್ಕೆ ಸಿಗದ ಹಾಗೆ ಕೂತುಕೊಳ್ಳಬೇಕು. ದುಪಟ್ಟಾಕ್ಕೂ ಇದೇ ಮಾತು.

ಪೋಂಚೋಗೆ ಇರುವ ಶತ್ರು ಗಾಳಿ. ತುಂಗಾ ಸೇತುವೆಯ ಮೇಲೆ ಮುಂಗಾರಿನ ಗಾಳಿ ಹೊಳೆಯ ಉದ್ದಕ್ಕೂ ಬೀಸಿ ಬಂದು ಸವಾರನಿಗೆ ಅಡ್ಡ ಹೊಡೆಯುತ್ತದೆ. ಒಂದು ಜುಲೈ ಬೆಳಿಗ್ಗೆ ನನ್ನ ಪೋಂಚೋ ಹಾಯಿಯ ಹಾಗೆ ಉಬ್ಬಿ, ಸೈಕಲ್ಲು ಎರಡಡಿ ಪಕ್ಕಕ್ಕೆ ಸರಿದು, ಹಿಂದಿದ್ದ ಆಟೋದವರು ನನ್ನ ವಂಶವನ್ನೆಲ್ಲ ಸ್ಮರಿಸಿದರು. ಸೊಂಟಕ್ಕೊಂದು ಹಗ್ಗ ಕಟ್ಟಿಕೊಂಡರೆ ಹತೋಟಿ ಸಿಗುತ್ತದೆ. ಗಾಳಿ ಜೋರಿದ್ದ ದಿನ ಸೇತುವೆಯಷ್ಟು ದೂರ ಇಳಿದು ತಳ್ಳಿಕೊಂಡು ಹೋಗುತ್ತೇನೆ. ಬೀದಿಗಳ ನಡುವೆಯೇ ಓಡಾಡುವವರಿಗೆ ಈ ತೊಂದರೆ ಇಲ್ಲ. ಬಯಲು, ಕೆರೆ ಏರಿ, ಹೊಳೆ ದಾಟುವವರು ಜೋಡಿಯನ್ನೇ ಕೊಳ್ಳಲಿ.

ಒಂದು ಕೈಯಲ್ಲಿ ಛತ್ರಿ ಹಿಡಿದು ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿಯುವುದನ್ನು ನೋಡಿಯೇ ನಾವು ಬೆಳೆದದ್ದು. ಮುಂಗೈಯನ್ನು ಗಾಳಿಗೆ ತಕ್ಕ ಹಾಗೆ ಓರೆ ಮಾಡುವ ಹದ ಹಳಬರಿಗೆ ಗೊತ್ತಿತ್ತು. ಎರಡರಲ್ಲಿ ಒಂದು ಬ್ರೇಕು ಕೈಗೆ ಸಿಗುವುದಿಲ್ಲ, ಈಗಿನ ರಸ್ತೆಯಲ್ಲಿ ಅದು ಆಗದ ಮಾತು. ಕಂಬಳಿ ಕೊಪ್ಪೆಯ ಮೇಲೆ ನನಗೆ ಮೋಹವಿದೆ. ಉಣ್ಣೆ ನೆನೆದ ಮೇಲೂ ಬೆಚ್ಚಗಿರುತ್ತದೆ, ಗದ್ದೆಯ ಅಂಚಿನಲ್ಲಿ ದಿನವಿಡೀ ನಿಲ್ಲಲು ಅದಕ್ಕೆ ಸಮನಾದದ್ದಿಲ್ಲ. ಆದರೆ ನೆನೆದ ಕಂಬಳಿಯ ತೂಕ ಹೊತ್ತು ಪೆಡಲ್ ತುಳಿದು ನೋಡಿದ್ದೇನೆ, ಸಾಕು. ಬೆಂಕಿ ಕಾಯಿಸುವ ಹೊಡತ್ಲಿನ ಮೇಲೆ ಹರವಿದರೂ ಒಣಗಲು ಎರಡು ದಿನ ಬೇಕು.

ಇನ್ನೊಂದು ಆಯ್ಕೆಯನ್ನು ಜನ ಆಯ್ಕೆ ಅಂತಲೇ ಎಣಿಸುವುದಿಲ್ಲ: ನೆನೆದುಕೊಂಡೇ ಹೋಗಿ ಬಟ್ಟೆ ಬದಲಿಸುವುದು. ಚಡ್ಡಿ, ಆಟದವರು ಹಾಕುವ ತೆಳು ಪಾಲಿಯೆಸ್ಟರ್ ಬನಿಯನ್ನು, ಚೀಲದಲ್ಲಿ ಒಣ ಅಂಗಿ-ಪ್ಯಾಂಟು, ಮೈ ಒರೆಸಲು ಒಂದು ತೆಳ್ಳನೆಯ ಚೌಕ. ನಗರದ ಜುಲೈ ಬೆಳಗಿನ ಚಳಿ ಇಪ್ಪತ್ತೈದು ನಿಮಿಷ ತುಳಿಯುವವನಿಗೆ ಚಳಿಯೇ ಅಲ್ಲ. ಹಿಂಡಿ ಕಿಟಕಿಗೆ ಹಾಕಿದ ಬನಿಯನ್ನು ಫ್ಯಾನಿನ ಗಾಳಿಗೆ ಮಧ್ಯಾಹ್ನದೊಳಗೆ ಒಣಗುತ್ತದೆ. ಆಫೀಸಿನಲ್ಲಿ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ, ಎರಡು ಮೊಳೆ ಇದ್ದರೆ ಇದಕ್ಕಿಂತ ಅಗ್ಗದ್ದು ಬೇರಿಲ್ಲ. ಇಲ್ಲದಿದ್ದರೆ ಇದರ ಯೋಚನೆ ಬಿಡಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಬಟ್ಟೆ ಬದಲಿಸಲು ಜಾಗ ಕೇಳಿದ್ದಕ್ಕೆ "ಬಸ್ಸಿಗೆ ಬನ್ನಿ" ಅಂದಿದ್ದರು. ತೀರ್ಥಹಳ್ಳಿ-ಹೊಸನಗರದ ಕಡೆ ಒಂದು ಗಂಟೆ ತುಳಿಯುವವರು ಮಾತ್ರ ಇದನ್ನು ಮಾಡಬೇಡಿ. ಇಳಿಜಾರಿನಲ್ಲಿ ತುಳಿಯದೆ ಕೂತಾಗ ಹಿಡಿಯುವ ಚಳಿ ಮೂಳೆಗಿಳಿಯುತ್ತದೆ.

ಕಾಲಿಗೆ

ಇಲ್ಲಿ ಹೆಚ್ಚು ಯೋಚನೆ ಬೇಡ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿ. ಒರೆಸಿದರೆ ಒಣಗುತ್ತದೆ, ಪೆಡಲ್ ಮೇಲೆ ಜಾರುವುದಿಲ್ಲ. ಹವಾಯಿ ಚಪ್ಪಲಿ ಜಾರುತ್ತದೆ, ಬೆನ್ನಿಗೆಲ್ಲ ಕೆಸರು ಹಾರಿಸುತ್ತದೆ. ಗಂಬೂಟು ತೋಟಕ್ಕೆ ಸರಿ, ಸೈಕಲ್ಲಿನಲ್ಲಿ ಮೇಲಿನಿಂದ ನೀರು ತುಂಬಿದರೆ ಎರಡು ಬಕೆಟ್ ಹೊತ್ತ ಹಾಗೆ. ಬೂಟು ಕಡ್ಡಾಯವಾದ ಕೆಲಸವಾದರೆ ಒಂದು ಜೊತೆಯನ್ನು ಆಫೀಸಿನಲ್ಲೇ ಇಡಿ. ನೆನೆದ ಬೂಟಿನೊಳಗೆ ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ ಬಚ್ಚಲ ಒಲೆಯಿಂದ ಒಂದು ಮಾರು ದೂರ ಇಟ್ಟರೆ ಬೆಳಿಗ್ಗೆಗೆ ಹಾಕುವಂತಾಗುತ್ತದೆ. ಹತ್ತಿರ ಇಟ್ಟರೆ ತಳದ ಅಂಟು ಬಿಡುತ್ತದೆ. ತೋಟದ ಕಾಲುದಾರಿಯಲ್ಲಿ ಇಳಿದು ತಳ್ಳುವವರಿಗೆ ಇಂಬಳದ, ಅಂದರೆ ಜಿಗಣೆಯ, ಕಾಟ ಇದ್ದದ್ದೇ. ಸ್ಯಾಂಡಲ್ಲಾದರೆ ಹತ್ತಿದ್ದು ಕಣ್ಣಿಗಾದರೂ ಕಾಣುತ್ತದೆ.

ಬ್ರೇಕು: ಇಲ್ಲಿ ಮಾತ್ರ ಜಿಪುಣತನ ಬೇಡ

ನಮ್ಮ ಅಪ್ಪನ 28 ಇಂಚಿನ ಸೈಕಲ್ಲನ್ನು ಎರಡು ವರ್ಷ ಓಡಿಸಿದೆ. ಅದರ ರಿಮ್ಮು ಹೊಳೆಯುವ ಕ್ರೋಮ್ ಬಳಿದ ಉಕ್ಕು, ಬ್ರೇಕು ಸರಳಿನದು. ಒಣ ದಿನದಲ್ಲಿ ಚೆನ್ನಾಗಿ ನಿಲ್ಲುತ್ತಿತ್ತು. ಮೊದಲ ಮಳೆಯ ದಿನ ಒಂದು ಇಳಿಜಾರಿನಲ್ಲಿ ಬ್ರೇಕ್ ಹಿಡಿದೆ, ಏನೂ ಆಗಲಿಲ್ಲ. ಇನ್ನೂ ಗಟ್ಟಿ ಹಿಡಿದೆ, ಕಿರ್ ಅಂತ ಶಬ್ದ ಬಂತೇ ಹೊರತು ವೇಗ ಇಳಿಯಲಿಲ್ಲ. ಕೊನೆಗೆ ನಿಂತದ್ದು ಸೌತೆಕಾಯಿ ತಳ್ಳುಗಾಡಿಗೆ ತಾಗಿ. ಹಾಳಾದ ಸೌತೆಕಾಯಿಯ ದುಡ್ಡು ಕೊಟ್ಟು ಉಳಿದದ್ದನ್ನು ಮನೆಗೆ ತಂದೆ, ಎರಡು ದಿನ ಹುಳಿ ಮಾಡಿದರು.

ಕಾರಣ ಸರಳ. ಕ್ರೋಮ್ ಮೇಲ್ಮೈ ಗಾಜಿನಷ್ಟು ನುಣುಪು. ನೀರಿನ ತೆಳು ಪೊರೆ ಕೂತರೆ ರಬ್ಬರಿಗೆ ಹಿಡಿತ ಸಿಗುವುದಿಲ್ಲ. ಅಲ್ಯೂಮಿನಿಯಂ ರಿಮ್ಮಿನಲ್ಲಿ ಎರಡು-ಮೂರು ಸುತ್ತು ತಿರುಗುವಷ್ಟರಲ್ಲಿ ರಬ್ಬರು ನೀರನ್ನು ಒರೆಸಿ ಕಚ್ಚಿಕೊಳ್ಳುತ್ತದೆ. ಡಿಸ್ಕ್ ಬ್ರೇಕಿನ ತಟ್ಟೆ ಚಕ್ರದ ನಡುವೆ, ನೆಲದ ನೀರಿನಿಂದ ದೂರ ಇರುವುದರಿಂದ ಹಿಡಿದ ಕೂಡಲೇ ಹಿಡಿಯುತ್ತದೆ. ಹಾಗಾದರೆ ಎಲ್ಲರೂ ಡಿಸ್ಕ್ ತಗೊಳ್ಳಿ ಅಂತೀರಾ? ಸಮತಟ್ಟಾದ ದುರ್ಗಿಗುಡಿ, ನೆಹರೂ ರಸ್ತೆಯಲ್ಲಿ ಓಡಾಡುವವರಿಗೆ ಅಲ್ಯೂಮಿನಿಯಂ ರಿಮ್ಮು ಮತ್ತು ಹೊಸ ರಬ್ಬರು ಧಾರಾಳ ಸಾಕು. ನೂರಿನ್ನೂರು ರೂಪಾಯಿಯ ಖರ್ಚು, ಯಾವ ಸೈಕಲ್ ಶಾಪಿನಲ್ಲೂ ಹತ್ತು ನಿಮಿಷದ ಕೆಲಸ. ಏರಿಳಿತದ ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆಯವರಿಗೆ ಡಿಸ್ಕ್ ಬೇಕು. ಅಲ್ಲಿನ ಕೆಮ್ಮಣ್ಣಿನ ರಾಡಿ ರಿಮ್ಮಿನ ಮೇಲೆ ಕೂತು ಮರಳು ಕಾಗದದ ಹಾಗೆ ರಬ್ಬರನ್ನೂ ರಿಮ್ಮನ್ನೂ ಒಟ್ಟಿಗೆ ಸವೆಸುತ್ತದೆ. ಒಂದೇ ಮಳೆಗಾಲಕ್ಕೆ ರಬ್ಬರು ಮುಗಿದು ಲೋಹಕ್ಕೆ ಲೋಹ ಉಜ್ಜುವುದನ್ನು ಕಂಡಿದ್ದೇನೆ. ಡಿಸ್ಕಿನ ಪ್ಯಾಡೂ ಸವೆಯುತ್ತದೆ, ಆದರೆ ಬದಲಿಸಿದರೆ ಆಯಿತು, ರಿಮ್ಮು ಉಳಿಯುತ್ತದೆ. ಒಂದು ಎಚ್ಚರ: ಚೈನಿಗೆ ಎಣ್ಣೆ ಬಿಡುವಾಗ ಒಂದು ಹನಿ ಡಿಸ್ಕಿನ ಮೇಲೆ ಬಿದ್ದರೂ ಬ್ರೇಕು ಹೋಯಿತು.

ಯಾವ ಬ್ರೇಕಾದರೂ ತಿರುವಿಗೆ ಮೊದಲೇ ಮೆಲ್ಲಗೆ ಹಿಡಿದು ನೀರು ಒರೆಸಿಕೊಳ್ಳಿ. ತಿರುವಿನಲ್ಲಿ ಹಿಡಿಯಬೇಡಿ. ರಸ್ತೆಯ ಬಿಳಿಪಟ್ಟಿ, ಚರಂಡಿಯ ಕಬ್ಬಿಣದ ಮುಚ್ಚಳ, ಕೊಳೆತ ಎಲೆ, ಪಾಚಿ ಕಟ್ಟಿದ ಸಿಮೆಂಟು, ಇವು ನಾಲ್ಕೂ ಒಂದೇ ಥರ ಜಾರುತ್ತವೆ. ರೈಲು ಹಳಿಯನ್ನು ನೇರ ಅಡ್ಡಲಾಗಿ ದಾಟಿ. ಟೈರಿನ ಗಾಳಿ ಬೇಸಿಗೆಗಿಂತ ತುಸು ಕಡಿಮೆ ಇರಲಿ, ನೆಲಕ್ಕೆ ಹೆಚ್ಚು ಅಂಟುತ್ತದೆ. ಮಳೆಯಲ್ಲಿ ಗಾಜಿನ ಚೂರು ಟೈರಿಗೆ ಸುಲಭವಾಗಿ ಇಳಿಯುತ್ತದೆ, ಒದ್ದೆ ಟ್ಯೂಬಿಗೆ ಪಂಚರಿನ ತೇಪೆ ಕೂರುವುದಿಲ್ಲ. ಅದಕ್ಕೇ ನಾನು ಒಂದು ಹೊಸ ಟ್ಯೂಬನ್ನೇ ಸೀಟಿನ ಕೆಳಗೆ ಕಟ್ಟಿಕೊಂಡಿರುತ್ತೇನೆ.

ಹಾಗಾದರೆ ಯಾವ ಸೈಕಲ್ಲು

ನಿಮ್ಮಲ್ಲಿ ಈಗ ಇರುವುದೇ ಸಾಕಾಗಬಹುದು. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸಿಕ್ಕ ಸರ್ಕಾರಿ ಸೈಕಲ್ಲುಗಳು ನಮ್ಮ ಹಳ್ಳಿಗಳ ಕೊಟ್ಟಿಗೆಯಲ್ಲಿ ಇನ್ನೂ ಒರಗಿಕೊಂಡಿವೆ. ಗೇರಿಲ್ಲ, ಕೆಡುವುದಕ್ಕೆ ಹೆಚ್ಚು ಏನೂ ಇಲ್ಲ, ಮಡ್‌ಗಾರ್ಡು ಇದೆ, ಕ್ಯಾರಿಯರ್ ಇದೆ. ಬ್ರೇಕ್ ರಬ್ಬರು, ಟೈರು ಹೊಸದು ಹಾಕಿಸಿ ಊರೊಳಗೆ ಮೂರು-ನಾಲ್ಕು ಕಿಲೋಮೀಟರು ಓಡಿಸಲು ಯಾವ ಅಡ್ಡಿಯೂ ಇಲ್ಲ.

ಇಪ್ಪತ್ತು ಸಾವಿರದ ಆಸುಪಾಸಿನ ಗೇರಿನ ಸೈಕಲ್ಲುಗಳಲ್ಲಿ ಹುಡುಗರ ಕಣ್ಣು ಹೋಗುವುದು ದಪ್ಪ ಟೈರಿನ ಎಂಟಿಬಿ, ಅಂದರೆ ಮೌಂಟನ್ ಬೈಕಿನ ಮೇಲೆ. ಗುಂಡಿ ಬಿದ್ದ ರಸ್ತೆಗೆ ಅದು ಹಿತವೇ. ಆದರೆ ಮಡ್‌ಗಾರ್ಡ್ ಇಲ್ಲದೆ ಮಾರುತ್ತಾರೆ, ಬೆನ್ನ ಮೇಲೆ ಕೆಸರಿನ ಗೆರೆ ಕುತ್ತಿಗೆಯವರೆಗೆ ಏರುತ್ತದೆ. ಆಮೇಲೆ ಸಿಕ್ಕಿಸುವ ಗೇಣುದ್ದದ ಪ್ಲಾಸ್ಟಿಕ್ ತುಂಡು ತೋರಿಕೆಗೆ ಮಾತ್ರ. ಚಕ್ರವನ್ನು ಅರ್ಧದಷ್ಟಾದರೂ ಸುತ್ತುವ ಉದ್ದನೆಯದು ಬೇಕು, ಅದರ ತುದಿಗೆ ಹಳೇ ಟ್ಯೂಬಿನ ತುಂಡು ಕಟ್ಟಿ ನೇತುಹಾಕಿದರೆ ಕಾಲೂ ಚೈನೂ ಉಳಿಯುತ್ತವೆ. ಹೈಬ್ರಿಡ್ ಅನ್ನುವ ನಡುವಿನ ಜಾತಿ ನನ್ನದು. ಟೈರು ತೀರಾ ದಪ್ಪವಲ್ಲ, ಡಿಸ್ಕ್ ಬ್ರೇಕ್ ಇದೆ, ಉದ್ದ ಮಡ್‌ಗಾರ್ಡು ಮತ್ತು ಕ್ಯಾರಿಯರ್ ಕೂರಿಸಲು ತೂತುಗಳಿವೆ. ಆ ತೂತು ಇಲ್ಲದ ಸೈಕಲ್ಲನ್ನು ಮಲೆನಾಡಿನಲ್ಲಿ ಕೊಳ್ಳಬೇಡಿ, ಎಷ್ಟೇ ಚೆಂದ ಇರಲಿ.

ಬ್ಯಾಟರಿ ಸೈಕಲ್ಲು ಏರಿಗೆ ಒಳ್ಳೆಯದು. ಮೋಟಾರು 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ನೋಂದಣಿಯ ತಲೆನೋವಿಲ್ಲ. ಮಳೆಯ ವಿಷಯಕ್ಕೆ ಬಂದರೆ ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಅಂಕಿ ನೋಡಿ. ಐಪಿಎಕ್ಸ್4 ಅಂದರೆ ಸುತ್ತಲಿಂದ ಎರಚುವ ನೀರು ತಡೆಯುತ್ತದೆ ಅಂತ ಅಷ್ಟೆ. ಐಪಿ67 ಅಂದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ತಾಳುತ್ತದೆ. ಬ್ಯಾಟರಿಗೆ ಒಂದು ಅಂಕಿ, ಚಾರ್ಜು ಮಾಡುವ ತೂತಿಗೆ ಇನ್ನೊಂದು ಇರಬಹುದು, ಎರಡನ್ನೂ ಕೇಳಿ. ಸೊಂಟದ ಮಟ್ಟಕ್ಕೆ ನೀರು ಎರಚುವ ಬಸ್ಸುಗಳಿರುವ ಊರಿದು. ನಾನಾದರೆ ಬ್ಯಾಟರಿ ಕಳಚಿ ಮನೆಯೊಳಗೆ ತರಲು ಬಾರದ ಮಾದರಿಯನ್ನು ಕೊಳ್ಳುವುದಿಲ್ಲ.

ಚೈನಿಗೆ ಯಾವ ಎಣ್ಣೆ ಅನ್ನುವುದರಲ್ಲಿ ಸೈಕಲ್ ಶಾಪಿನವರಿಗೂ ನನಗೂ ಹಳೇ ಜಗಳ. ಅವರದು ಗಾಡಿಯಿಂದ ತೆಗೆದ ವೇಸ್ಟ್ ಆಯಿಲ್. ಮಳೆಗೆ ತೊಳೆದುಹೋಗುವುದಿಲ್ಲ ನಿಜ, ಆದರೆ ಊರಿನ ಮರಳನ್ನೆಲ್ಲ ಹಿಡಿದಿಟ್ಟುಕೊಂಡು ಹಲ್ಲುಚಕ್ರ ತಿನ್ನುತ್ತದೆ, ಪ್ಯಾಂಟಿನ ಕಲೆ ಜನ್ಮಕ್ಕೂ ಹೋಗುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಶುದ್ಧ, ಒಂದು ಜಡಿಮಳೆಗೆ ಮಾಯ. ಸಂಜೆ ಚೈನು ಒರೆಸಿ, ವಾರಕ್ಕೆರಡು ಸಲ ಹೊಸ ಎಂಜಿನ್ ಆಯಿಲನ್ನು ಕೊಂಡಿಗೊಂದು ಹನಿಯಂತೆ ಬಿಟ್ಟು, ಮೇಲಿನದನ್ನು ಮತ್ತೆ ಒರೆಸಿ ತೆಗೆಯುತ್ತೇನೆ. ಎಣ್ಣೆ ಬೇಕಾದದ್ದು ಕೊಂಡಿಯ ಒಳಗೆ.

ಚೀಲವನ್ನು ಬೆನ್ನಿಗೆ ಹಾಕಿದರೆ ಬೆನ್ನು ಬೆವರಿ ಚೀಲವೂ ಒದ್ದೆ. ಕ್ಯಾರಿಯರಿಗೆ ಕಟ್ಟಿ. ಮಳೆಯ ಹೊದಿಕೆ ಇರುವ ಚೀಲಕ್ಕೂ ಕೆಳಗಿನಿಂದ ನೀರು ಹೋಗುತ್ತದೆ. ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿ ಸುರುಳಿ ಸುತ್ತಿ ಕಟ್ಟಿದರೆ ಸಾವಿರಾರು ರೂಪಾಯಿಯ ಚೀಲದಷ್ಟೇ ಕೆಲಸ ಮಾಡುತ್ತದೆ. ತೊಳೆದ ಗೊಬ್ಬರದ ಚೀಲದಲ್ಲಿ ನನ್ನ ಫೈಲುಗಳು ಮೂರು ವರ್ಷ ಓಡಾಡಿವೆ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ. ಮಳೆಯಲ್ಲಿ ಕಪ್ಪು ರೈನ್‌ಕೋಟಿನ ಸವಾರ ಲಾರಿಯವರಿಗೆ ಕಾಣುವುದಿಲ್ಲ, ಹಳದಿಯದನ್ನು ಕೊಳ್ಳಿ.

ಸೈಕಲ್ಲು ಮನೆಯಲ್ಲಿರುವ ದಿನ

ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ ಮೇಲಿನದನ್ನು ಭಾರಿ ಮಳೆ ಅನ್ನುತ್ತದೆ, 115.6ರಿಂದ ಮೇಲಿನದನ್ನು ಅತಿ ಭಾರಿ ಅನ್ನುತ್ತದೆ. ಹಳದಿ ಎಚ್ಚರಿಕೆಗೆ ನಾನು ಹೊರಡುತ್ತೇನೆ. ಕಿತ್ತಳೆಗೆ ಬಸ್ಸು. ಕೆಂಪಿಗೆ ರಜೆ ಸಿಕ್ಕರೆ ರಜೆ. ಅದಕ್ಕಿಂತ ಹಳೆಯ ಅಳತೆಯೂ ಒಂದಿದೆ: ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಮಂಟಪ. ಅದು ಮುಳುಗಿದರೆ ತುಂಗೆ ತುಂಬಿದಳು ಅಂತ ಇಡೀ ಊರು ನೋಡಲು ಬರುತ್ತದೆ. ಆ ದಿನ ಸೇತುವೆಯ ಮೇಲೆ ಜನ, ಬೈಕು, ಮೊಬೈಲು ಹಿಡಿದವರು. ಸೈಕಲ್ಲಿಗೆ ದಾರಿ ಇರುವುದಿಲ್ಲ, ನನಗೂ ನೋಡುವುದಿರುತ್ತದೆ. ಹಳ್ಳಿಯ ಕಡೆ ಸಂಕದ, ಅಂದರೆ ಹಳ್ಳ ದಾಟುವ ಕಿರುಸೇತುವೆಯ, ಮೇಲೆ ನೀರು ಹರಿಯುತ್ತಿದ್ದರೆ ಮೊಣಕಾಲಿಗಿಂತ ಕೆಳಗಿದೆ ಅಂತ ಇಳಿಯಬೇಡಿ. ಕೆಂಪು ನೀರಿನಡಿ ಸಂಕ ಉಳಿದಿದೆಯೋ ಇಲ್ಲವೋ ಕಾಣುವುದಿಲ್ಲ.

ನವೆಂಬರಿನಲ್ಲಿ ಒಂದು ಭಾನುವಾರ ಸೈಕಲ್ಲನ್ನು ಪೂರ್ತಿ ಬಿಚ್ಚಿಸಿ. ಶಾಪಿನವರ ಬಾಯಲ್ಲಿ ಅದು 'ಓವರಾಯಿಲ್'. ಚಕ್ರದ ನಡುವಿನ ಬಾಲ್ಸು, ಪೆಡಲಿನ ಅಚ್ಚು, ಹ್ಯಾಂಡಲಿನ ಕತ್ತು, ಎಲ್ಲದರಲ್ಲೂ ನೀರು ಸೇರಿ ಗ್ರೀಸು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ತೆಗೆಸಿ ಹೊಸದು ತುಂಬಿಸುವಾಗ ಪಕ್ಕದಲ್ಲೇ ನಿಂತು ನೋಡಿ, ಇಲ್ಲದಿದ್ದರೆ ಹಳೇ ಗ್ರೀಸಿನ ಮೇಲೇ ಹೊಸದು ಕೂರುತ್ತದೆ.